ಸಹಾಯ ಬೇಕು: ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರಿನ ಸ್ಯಾಂಪಲ್ ಉಬ್ಬರದಲ್ಲೋ, ಇಳಿತದಲ್ಲೋ?

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಕರಾವಳಿ ನೀರು ಮತ್ತು ಕಾಂಡ್ಲಾ ಕಾಡಿನ ಅಧ್ಯಯನಕ್ಕೆ ದೋಣಿಯಲ್ಲಿ ಹೊರಡುತ್ತಿದೆ, ಸ್ಯಾಂಪಲ್ ತೆಗೆಯುವ ಕೆಲಸ ನನ್ನ ತಲೆ ಮೇಲಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಇಳಿತದಲ್ಲಿ ಕೆಸರಿನೊಳಗಿಂದ ಸೋರಿ ಬರುವ ನೀರಿನಲ್ಲಿ ಆಮ್ಲಜನಕ ಸಹಜವಾಗಿಯೇ ಕಡಿಮೆ ಇರುತ್ತದೆ. ಉಬ್ಬರದಲ್ಲಿ ತೆಗೆದರೆ ಸಿಗುವುದು ಜಾಸ್ತಿ ಸಮುದ್ರದ ನೀರೇ. ಹಾಗಿದ್ದಾಗ ಮಾಲಿನ್ಯ ಯಾವುದು, ಕಾಡಿನ ಸ್ವಭಾವ ಯಾವುದು ಅಂತ ಬೇರೆ ಮಾಡುವುದು ಹೇಗೆ? ಎರಡೂ ಹೊತ್ತು ತೆಗೆಯಬೇಕು ಅಂತ ನನಗನಿಸುತ್ತದೆ, ಆದರೆ ಇಳಿತದಲ್ಲಿ ದೋಣಿ ಒಳಗೆ ಹೋಗಲ್ಲ, ಉಸಿರುಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಎದ್ದು ನಿಂತಿರುತ್ತವೆ, ಅವನ್ನು ತುಳಿಯದೆ ನಡೆಯುವುದೂ ಕಷ್ಟ. ಉದ್ದ ಕೋಲಿಗೆ ಬಾಟಲಿ ಕಟ್ಟಿ ತೆಗೆದವರು ಇದ್ದೀರಾ?

ಇನ್ನೊಂದು, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಮೀಟರ್ ವಿಷಯ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ ಸಮುದ್ರದ ನೀರು ಹಿಡಿಯುವುದು 6.7ರ ಆಸುಪಾಸು. ಅಳಿವೆಯಲ್ಲಿ ಉಪ್ಪಿನಂಶ ಗಂಟೆಗಂಟೆಗೂ ಬದಲಾಗುತ್ತದೆ, ಅಲ್ವಾ? ಪ್ರತಿ ಸಲ ಉಪ್ಪಿನಂಶ ಅಳೆದು ಮೀಟರಿಗೆ ಕೈಯಾರೆ ಹಾಕುತ್ತೀರಾ, ಇಲ್ಲ ಆಮೇಲೆ ಲೆಕ್ಕದಲ್ಲಿ ಸರಿ ಮಾಡುತ್ತೀರಾ? ತಾಳೆ ನೋಡಲು ವಿಂಕ್ಲರ್ ವಿಧಾನವನ್ನೂ (ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವುದು) ಇಟ್ಟುಕೊಂಡಿದ್ದೇವೆ, ಆದರೆ ಕೊಳೆತ ಮೊಟ್ಟೆ ವಾಸನೆ ಬರುವ ಕಡೆ ಸಲ್ಫೈಡ್ ಅದನ್ನೂ ಕೆಡಿಸುತ್ತದೆ.

ನೈಟ್ರೇಟ್, ಫಾಸ್ಫೇಟ್ ಸ್ಯಾಂಪಲ್‌ಗಳನ್ನು ದೋಣಿಯಲ್ಲೇ ಸೋಸಿ ಐಸ್ ಪೆಟ್ಟಿಗೆಯಲ್ಲಿಡುವ ಯೋಚನೆ ಇದೆ. ಕೆಸರು ನೀರಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದಕ್ಕೇನು ಮಾಡುತ್ತೀರಿ? ಸುಮ್ನೆ ಪುಸ್ತಕದ ಉತ್ತರ ಬೇಡ, ಅಲುಗಾಡುವ ದೋಣಿಯಲ್ಲಿ ಕೂತು ಮಾಡಿದ್ದನ್ನು ಹೇಳಿ.