ಝೀನರ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸಬಹುದೇ?

ಪ್ರಶ್ನೆ:
12 ವೋಲ್ಟ್ ಸಪ್ಲೈಯಿಂದ 1.5ಕೆ (ಕಿಲೋಓಮ್) ರೆಸಿಸ್ಟರ್ ಮೂಲಕ 1ಎನ್4733ಎ (5.1 ವೋಲ್ಟ್) ಝೀನರ್, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡಯೋಡ್, ಹಾಕಿದ್ದೇನೆ. ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್‌ಗೆ ರೆಫರೆನ್ಸ್ ಅಷ್ಟೇ, ಲೋಡ್ ಇಲ್ಲವೆಂದರೂ ಸರಿ. ಮೀಟರ್ 4.75 ತೋರಿಸುತ್ತಿದೆ. ಬೇರೆ ಎರಡು ಪೀಸ್ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ. ಮಾಲು ಕಳಪೆಯೇ? ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಸೇರಿಸಿ 4.7ರಿಂದ 6 ವೋಲ್ಟ್‌ವರೆಗೆ ಹೊಂದಿಸುವ ದಾರಿ ಇದೆಯೇ?

ಉತ್ತರ 1:
ಮಾಲು ಸರಿಯಾಗೇ ಇದೆ, ಕರೆಂಟ್ ಸಾಲದು. ಆ ಝೀನರ್‌ನ 5.1 ಎಂಬ ಲೆಕ್ಕ 49 ಮಿಲಿಆಂಪ್ ಹರಿಯುವಾಗಿನದು. ನಿಮ್ಮಲ್ಲಿ ಹರಿಯುತ್ತಿರುವುದು ಸುಮಾರು 4.8 ಮಿಲಿಆಂಪ್. 150 ಓಮ್ ಹಾಕಿದರೆ 46 ಮಿಲಿಆಂಪ್ ಬರುತ್ತದೆ, ಆದರೆ ರೆಸಿಸ್ಟರ್‌ನಲ್ಲೇ 0.3 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅದರ ಬದಲು 5 ಮಿಲಿಆಂಪ್‌ಗೇ ಅಳೆದು ಮಾರುವ ಬಿಝಡ್‌ಎಕ್ಸ್55ಸಿ5ವಿ1 ಹಾಕಿ.

ಇನ್ನು ಬ್ರೇಕ್‌ಡೌನ್ ವೋಲ್ಟೇಜ್ (ಝೀನರ್ ಹಿಡಿದಿಡುವ ಮಟ್ಟ) ತಯಾರಿಕೆಯಲ್ಲಿ, ಸಿಲಿಕಾನ್‌ಗೆ ಬೆರಕೆ ಸೇರಿಸುವ ಡೋಪಿಂಗ್‌ನಲ್ಲೇ ತೀರ್ಮಾನವಾಗಿರುತ್ತದೆ. ಹೊರಗಿನಿಂದ ತಿರುಗಿಸಲು ಬರುವುದಿಲ್ಲ. ಸೀರೀಸ್ ರೆಸಿಸ್ಟರ್ ಜಾಗದಲ್ಲಿ ಪ್ರಿಸೆಟ್ ಹಾಕಿದರೆ ಸ್ವಲ್ಪ ಜರುಗುತ್ತದೆ ನಿಜ, ಆದರೆ ಸಪ್ಲೈ ಅಲುಗಿದರೆ ಅದೂ ಅಲುಗುತ್ತದೆ. ಪ್ರಿಸೆಟ್ ಸೊನ್ನೆಗೆ ಹೋಯಿತೋ, ಝೀನರ್ ಢಮಾರ್.

ಉತ್ತರ 2:
ಒಂದೇ ಮೆಟ್ಟಿಲು ಏರಿಸಿದರೆ ಸಾಕು ಎಂದಾದರೆ ಝೀನರ್ ಜೊತೆ 1ಎನ್4148 ಡಯೋಡ್ ಒಂದನ್ನು ಸೀರೀಸ್‌ನಲ್ಲಿ, ಫಾರ್ವರ್ಡ್ ದಿಕ್ಕಿನಲ್ಲಿ ಹಾಕಿ, ಸುಮಾರು 0.7 ವೋಲ್ಟ್ ಕೂಡುತ್ತದೆ. ಡಯೋಡ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 6 ವೋಲ್ಟ್ ಆಸುಪಾಸಿನ ಝೀನರ್ ಬಿಸಿಯಾದಾಗ ಏರುವುದರಿಂದ ಒಂದಕ್ಕೊಂದು ಸರಿದೂಗುತ್ತವೆ. 5ಕ್ಕಿಂತ ಕೆಳಗಿನ ಝೀನರ್‌ಗಳು ತಾವೂ ಇಳಿಯುವುದರಿಂದ ಅಲ್ಲಿ ಈ ಉಪಾಯ ಕೆಲಸ ಕೆಡಿಸುತ್ತದೆ. ಪ್ಯಾರಲಲ್ ಮಾತ್ರ ಬೇಡ, ಕಡಿಮೆ ವೋಲ್ಟೇಜಿನದೇ ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ.

ಉತ್ತರ 3:
ನಿಮಗೆ ಬೇಕಿರುವುದು ಟಿಎಲ್431, ಹೊಂದಿಸಬಹುದಾದ ಝೀನರ್‌ನಂತೆ ಕೆಲಸ ಮಾಡುವ ಐಸಿ. ಝೀನರ್ ಇದ್ದ ಜಾಗದಲ್ಲೇ ಕೂರುತ್ತದೆ, 1.5ಕೆ ಹಾಗೇ ಇರಲಿ. ಕ್ಯಾಥೋಡ್‌ನಿಂದ ರೆಫ್ ಪಿನ್ನಿಗೆ 10ಕೆ. ರೆಫ್‌ನಿಂದ ಗ್ರೌಂಡ್‌ಗೆ 6.8ಕೆ, ಅದಕ್ಕೆ ಸೀರೀಸ್‌ನಲ್ಲಿ 5ಕೆ ಪ್ರಿಸೆಟ್. ಔಟ್‌ಪುಟ್ = 2.495 × (1 + ಮೇಲಿನ ರೆಸಿಸ್ಟರ್ ÷ ಕೆಳಗಿನದು), ಅಂದರೆ 4.6ರಿಂದ 6.16 ವೋಲ್ಟ್.

ಪ್ರಿಸೆಟ್ ಕೆಳಗೇ ಇರಬೇಕು. ಅಲ್ಲಿ ಸಂಪರ್ಕ ತಪ್ಪಿದರೆ ಔಟ್‌ಪುಟ್ 2.5ಕ್ಕೆ ಇಳಿಯುತ್ತದೆ, ಮೇಲೆ ತಪ್ಪಿದರೆ ಪೂರ್ತಿ 12 ವೋಲ್ಟ್ ನುಗ್ಗುತ್ತದೆ. ಔಟ್‌ಪುಟ್‌ಗೆ ಅಭ್ಯಾಸಬಲದಿಂದ 0.1 ಮೈಕ್ರೋಫ್ಯಾರಡ್ ಹಾಕಬೇಡಿ, ಆಸಿಲೇಟ್ ಆಗಬಹುದು (ವೋಲ್ಟೇಜ್ ತಾನಾಗೇ ಏರಿಳಿಯಬಹುದು). ಬೇಕೇ ಬೇಕೆಂದರೆ 10 ಮೈಕ್ರೋಫ್ಯಾರಡ್‌ಗೆ ಕಡಿಮೆ ಇಲ್ಲದಂತೆ ಹಾಕಿ.

ಪ್ರಶ್ನೆ ಕೇಳಿದವರು:
ಮುಂದೆ 20 ಮಿಲಿಆಂಪ್ ಎಳೆಯಬೇಕಾಗಿ ಬಂದರೆ?

ಉತ್ತರ 3:
1.5ಕೆ ತೆಗೆದು 220 ಓಮ್, ಅರ್ಧ ವ್ಯಾಟಿನದು ಹಾಕಿ. ಟಿಎಲ್431ಗೆ ಕನಿಷ್ಠ 1 ಮಿಲಿಆಂಪ್ ಉಳಿಯಲೇಬೇಕು, 6.16 ವೋಲ್ಟ್‌ನಲ್ಲೂ ಇಲ್ಲಿ 6 ಉಳಿಯುತ್ತದೆ.