ಬಿಚ್ಚುವುದು, ಕಳಚುವುದು: ನೂಲುವ ಯಂತ್ರದ ಕೈಪಿಡಿಗಾಗಿ ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನೂಲುವ ಯಂತ್ರದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಂತ್ರ ಓಡಿಸುವವರಿಗಿಂತ ಹೆಚ್ಚಾಗಿ ಅದನ್ನು ಒರೆಸಿ, ಎಣ್ಣೆ ಹಾಕಿ, ಸವೆದದ್ದನ್ನು ಬದಲಿಸಿ ಸುಸ್ಥಿತಿಯಲ್ಲಿಡುವ ಫಿಟ್ಟರುಗಳಿಗಾಗಿ ಇದು. ಹಳೆಯ ಮಾದರಿಗಿಂತ ಹೊಸದು ಅವರ ಕೆಲಸವನ್ನು ಎಲ್ಲೆಲ್ಲಿ ಹಗುರ ಮಾಡಿದೆ ಎಂದು ಭಾಗಭಾಗವಾಗಿ ತಿಳಿಸಬೇಕು. ಮೊದಲ ಅಧ್ಯಾಯದ ಕರಡನ್ನು ಅನುಭವಸ್ಥ ಫಿಟ್ಟರೊಬ್ಬರಿಗೆ ಓದಲು ಕೊಟ್ಟಿದ್ದೆ. 'ಮೇಲಿನ ರೋಲರನ್ನು ಬಿಚ್ಚಿ ಒರೆಸಿ' ಎಂಬ ಸಾಲಿನ ಹತ್ತಿರ ನಿಂತು, "ಯಾವ ನಂಬರಿನ ಸ್ಪ್ಯಾನರು ಅಂತ ಬರೆದೇ ಇಲ್ಲವಲ್ಲ ಸಾರ್?" ಎಂದು ಕೇಳಿದರು. ಸ್ಪ್ಯಾನರಿನ ಅಗತ್ಯವೇ ಇಲ್ಲ, ಹಿಡಿ ಎತ್ತಿದರೆ ಒತ್ತಡ ಬಿಟ್ಟು ರೋಲರು ಕೈಗೇ ಬರುತ್ತದೆ ಎಂದೆ. "ಹಾಗಾದರೆ ಬಿಚ್ಚಿ ಅಂತ ಯಾಕೆ ಬರೆದಿರಿ? ಕಳಚಿ ಅನ್ನಿ" ಎಂದರು.

ಅವರು ತಿದ್ದಿದ್ದು ಒಂದೇ ಪದ. ಆದರೆ ಆ ಅಧ್ಯಾಯ ಹೇಳಬೇಕಾಗಿದ್ದ ವಿಷಯವೆಲ್ಲ ಆ ಪದದೊಳಗೇ ಇತ್ತು. ಅಲ್ಲಿಂದ ಹುಟ್ಟಿದ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ: ಬಿಚ್ಚುವುದಕ್ಕೂ ಕಳಚುವುದಕ್ಕೂ ನಿಮ್ಮ ಮಾತಿನಲ್ಲಿ ವ್ಯತ್ಯಾಸ ಇದೆಯೇ? ಇದ್ದರೆ, 'ಬಿಚ್ಚದೆ ಕಳಚುವ ರೋಲರು' ಎಂದು ಓದಿದಾಗ ನಿಮಗೆ ಏನು ಅರ್ಥವಾಗುತ್ತದೆ?

ನನಗೆ ಹೊಳೆದದ್ದು ಇಷ್ಟು. ಕಟ್ಟಿದ್ದನ್ನು, ಮುಚ್ಚಿದ್ದನ್ನು, ಬಿಗಿದದ್ದನ್ನು ಬಿಚ್ಚುತ್ತೇವೆ: ಗಂಟು, ಗುಂಡಿ, ಮಡಿಕೆ, ತಿರುಪು. ತೊಟ್ಟಿದ್ದನ್ನು, ಸಿಕ್ಕಿಸಿದ್ದನ್ನು ಕಳಚುತ್ತೇವೆ: ಬಳೆ, ಕೊಂಡಿ, ಮುಖವಾಡ, ಹಾವು ಪೊರೆ ಕಳಚುತ್ತದೆ. ಬಿಚ್ಚಿದ ಮೇಲೂ ವಸ್ತು ಇದ್ದಲ್ಲೇ ಇರಬಹುದು, ಹೋಗುವುದು ಅದರ ಕಟ್ಟು ಮಾತ್ರ. ಕಳಚಿದ ಮೇಲೆ ವಸ್ತುವೇ ತನ್ನ ಜಾಗ ಬಿಡುತ್ತದೆ. ಹಾಗೆ ನೋಡಿದರೆ ಹಳೆಯ ಯಂತ್ರದ ಕೆಲಸ ಎರಡು ಹೆಜ್ಜೆಯದು, ಬಿಚ್ಚಿ ಕಳಚುವುದು. ಹೊಸದರಲ್ಲಿ ಮೊದಲ ಹೆಜ್ಜೆಯೇ ಇಲ್ಲ. 'ಉಪಕರಣರಹಿತ ವಿಯೋಜನೆ' ಎಂದು ನಾನು ಮೊದಲು ಬರೆದಿದ್ದ ಕಡೆಯಲ್ಲೆಲ್ಲ 'ಬಿಚ್ಚದೆ ಕಳಚುವುದು' ಎಂದು ತಿದ್ದಿದರೆ ಓದುವವರ ಕೈಗೆ ಆ ಕೆಲಸ ಆಗಲೇ ಗೊತ್ತಾಗಿಬಿಡುತ್ತದೆ.

ಆದರೆ ಎರಡು ತೊಡಕುಗಳಿವೆ. 'ಅಂಗಿ ಬಿಚ್ಚಿದ' ಎಂದಾಗ ಗುಂಡಿಯಷ್ಟೇ ಬಿಚ್ಚಿದ ಎಂದು ಯಾರೂ ತಿಳಿಯುವುದಿಲ್ಲ, ಅಂಗಿ ಮೈಯಿಂದ ಹೋಗಿರುತ್ತದೆ. ಅಂದರೆ ನಾನು ಎಳೆದ ಗೆರೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಎರಡನೆಯದು ಇನ್ನೂ ಗಂಭೀರ. ಕಳಚು ಎಂಬುದು ತಾನಾಗಿ ಆಗುವುದನ್ನೂ ಹೇಳುತ್ತದೆ. 'ಚಕ್ರ ಕಳಚಿತು' ಎಂದರೆ ಅಪಘಾತ. ಓಡುವ ಯಂತ್ರದ ಕೈಪಿಡಿಯಲ್ಲಿ 'ಕಳಚುವ ರೋಲರು' ಎಂದು ಕಂಡರೆ, ಓಡುವಾಗಲೇ ಕಳಚಿ ಬೀಳುತ್ತದೆಯೇ ಎಂಬ ಅನುಮಾನ ಬರಬಾರದಲ್ಲ! 'ಕಳಚಬಹುದಾದ' ಎಂದರೆ ಅನುಮಾನ ತೀರುತ್ತದೆ, ಆದರೆ ಪದ ಉದ್ದವಾಗುತ್ತದೆ. 'ಕಳಚುರೋಲರು' ಎಂದು ಸಮಾಸ ಮಾಡಿದರೆ ಹೇಗೆ? ಮಡಿಸಬಹುದಾದ ಕುರ್ಚಿಗೆ ಮಡಿಕುರ್ಚಿ ಎಂದಂತೆ. ಇದನ್ನು ನೀವೇ ಹೇಳಬೇಕು.

ಈ ರೋಲರಿನ ವಿಷಯಕ್ಕೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಕಾರಣ ಇದೆ. ಉಂಗುರದ ನೂಲುಯಂತ್ರದಲ್ಲಿ, ಅಂದರೆ ಕಾರ್ಖಾನೆಯವರು ರಿಂಗ್ ಫ್ರೇಮ್ ಎನ್ನುವುದರಲ್ಲಿ, ಹತ್ತಿಯ ಬತ್ತಿಯನ್ನು ಎಳೆದು ತೆಳುವಾಗಿಸುವುದು ಮೂರು ಜೋಡಿ ರೋಲರುಗಳು. ಕೆಳಗಿನದು ಗೀರುಗಳುಳ್ಳ ಉಕ್ಕು, ಮೇಲಿನದಕ್ಕೆ ರಬ್ಬರಿನ ಕವಚ. ಮೇಲಿನದು ಕೆಳಗಿನದನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ನಾರು ಜಾರಿ ನೂಲು ದಪ್ಪ ತೆಳು ಆಗುತ್ತದೆ. ಹಿಂದೆ ಈ ಒತ್ತಡವನ್ನು ಸನ್ನೆ, ಕೊಕ್ಕೆಗಳ ಮೂಲಕ ತೂಕದ ಗುಂಡುಗಳನ್ನು ನೇತುಹಾಕಿ ಪಡೆಯುತ್ತಿದ್ದರು. ಆ ಗುಂಡು, ಕೊಕ್ಕೆಗಳ ಸಂದಿಯಲ್ಲೆಲ್ಲ ನಾರಿನ ಪುಡಿ ಕೂರುತ್ತಿತ್ತು. ಆಮೇಲೆ ಸ್ಪ್ರಿಂಗು ಅಡಗಿಸಿದ ತೋಳು ಬಂತು, ಅದಾದ ಮೇಲೆ ಗಾಳಿಯ ಒತ್ತಡದ ತೋಳು. ಗಾಳಿಯದರಲ್ಲಿ ಇಡೀ ಯಂತ್ರದ ಒತ್ತಡವನ್ನು ಒಂದೇ ಕಡೆಯಿಂದ ಹೆಚ್ಚು ಕಡಿಮೆ ಮಾಡಬಹುದು; ಯಂತ್ರ ಬಹಳ ಹೊತ್ತು ನಿಲ್ಲುವಾಗ ಒತ್ತಡ ಇಳಿಸಿಟ್ಟರೆ ರಬ್ಬರು ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಈ ಇಳಿಸುವಿಕೆಗೆ ಬಿಚ್ಚುವುದೂ ಸಲ್ಲದು, ಕಳಚುವುದೂ ಸಲ್ಲದು. 'ಸಡಿಲಿಸು' ಎಂದು ಹಾಕಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಯಾರಿಗಾದರೂ ಇದಕ್ಕಿಂತ ಒಳ್ಳೆಯದು ತೋಚಿದರೆ ತಿಳಿಸಿ.

ರಬ್ಬರು ಗಟ್ಟಿಯಾಗಿ ಮೈ ಗೀರುಬಿದ್ದಾಗ ಅದರ ಮೇಲುಪದರವನ್ನು ತೀರ ತೆಳುವಾಗಿ ತೆಗೆದು ನಯ ಮಾಡುತ್ತಾರೆ. ಕಾರ್ಖಾನೆಯ ಮಾತಿನಲ್ಲಿ ಬಫಿಂಗ್. ಇದಕ್ಕೆ 'ಸಾಣೆ ಹಿಡಿ' ಎಂದು ಒಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ, ಸಾಣೆ ಹಿಡಿಯುವುದು ಅಲಗನ್ನು ಹರಿತ ಮಾಡಲು. ಇಲ್ಲಿ 'ಹೆರೆ' ಎಂಬುದೇ ಸರಿ ಎನಿಸುತ್ತದೆ.

ಇನ್ನು ಕದಿರು, ಅಂದರೆ ತಿರುಗುತ್ತಾ ನೂಲು ಸುತ್ತಿಕೊಳ್ಳುವ ಸಲಾಕೆ. ಈ ಪದದ ಮೇಲೆ ನನಗೆ ವಿಶೇಷ ಪ್ರೀತಿ. 12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಹೆಸರಿನಲ್ಲೇ ಅದು ನಿಂತಿದೆ. ರಾಟೆಯ ಭಾಗಗಳನ್ನು ಒಂದೊಂದಾಗಿ ಹೆಸರಿಸಿ ವಚನ ಕಟ್ಟಿದವಳು ಆಕೆ. ಅಷ್ಟು ಹಳೆಯ, ಅಷ್ಟು ಖಚಿತವಾದ ಪದವಿರುವಾಗ ಸ್ಪಿಂಡಲ್ ಎಂದು ಬರೆಯಲು ಮನಸ್ಸು ಬರಲಿಲ್ಲ. ಆದರೆ ಬರೆಯುತ್ತಾ ಹೋದಾಗ ಒಂದು ತೊಂದರೆ ಎದುರಾಯಿತು. ರಾಟೆಯ ಕದಿರು ಬರಿಯ ಸಲಾಕೆ. ಕಾರ್ಖಾನೆಯವರು ಸ್ಪಿಂಡಲ್ ಎನ್ನುವಾಗ ಕೆಲವೊಮ್ಮೆ ತಿರುಗುವ ಸಲಾಕೆಯನ್ನು ಮಾತ್ರ ಹೇಳುತ್ತಾರೆ, ಕೆಲವೊಮ್ಮೆ ಅದು ಕೂರುವ, ಬೇರಿಂಗು ಎಣ್ಣೆ ಎರಡನ್ನೂ ಒಳಗಿಟ್ಟುಕೊಂಡಿರುವ ಗೂಡನ್ನೂ ಸೇರಿಸಿ ಹೇಳುತ್ತಾರೆ. 'ಕದಿರನ್ನು ಬದಲಿಸಿ' ಎಂದು ನಾನು ಬರೆದರೆ ಫಿಟ್ಟರು ಯಾವುದನ್ನು ತೆಗೆಯಬೇಕು?

ಈ ಗೂಡು ಬಂದದ್ದೇ ಒಂದು ದೊಡ್ಡ ಸುಧಾರಣೆ. ಜಾನ್ ಥಾರ್ಪ್ 1828ರಲ್ಲಿ ಅಮೆರಿಕದಲ್ಲಿ ಉಂಗುರದ ನೂಲುವಿಕೆಗೆ ಪೇಟೆಂಟ್ ಪಡೆದ. ಅದಾದ ಮೇಲೂ ಬಹಳ ಕಾಲ ಕದಿರಿಗೆ ಎರಡು ಬೇರೆ ಬೇರೆ ಆಸರೆಗಳಿದ್ದವು, ನಡುವಿಗೊಂದು, ಬುಡಕ್ಕೊಂದು. ಎರಡಕ್ಕೂ ಬೇರೆ ಬೇರೆ ಎಣ್ಣೆ ಬಿಡಬೇಕು, ಅದೂ ಮತ್ತೆ ಮತ್ತೆ. ಎರಡೂ ಒಂದೇ ನೇರದಲ್ಲಿ ಇಲ್ಲದಿದ್ದರೆ ಕದಿರು ಅದುರುತ್ತದೆ. 1871ರ ಸಾಯರ್ ಕದಿರು, 1878ರ ರಾಬೆತ್ ಕದಿರು ಈ ಕಷ್ಟಕ್ಕೆ ಉತ್ತರ ಹುಡುಕಿದವು. ರಾಬೆತ್‌ನದರಲ್ಲಿ ಎರಡು ಆಸರೆಗಳೂ ಒಂದೇ ಗೂಡಿನೊಳಗೆ ಸೇರಿದವು, ಎಣ್ಣೆಯೂ ಅಲ್ಲೇ ನಿಂತಿತು. ಆಸರೆಯನ್ನು ಕೊಂಚ ಸಡಿಲ ಬಿಟ್ಟಿದ್ದರಿಂದ ಕದಿರು ತನ್ನ ನಡುವನ್ನು ತಾನೇ ಕಂಡುಕೊಂಡು ಅದುರದೆ ತಿರುಗತೊಡಗಿತು. ಇಂದಿನ ಕದಿರುಗಳು ನಿಮಿಷಕ್ಕೆ 20,000 ಸುತ್ತು ತಿರುಗುವುದರ ಹಿಂದೆ ಆ ಆಲೋಚನೆಯೇ ಇದೆ. ಆದ್ದರಿಂದ ನಾನು ಸಲಾಕೆಗೆ 'ಕದಿರು', ಅದು ಕೂರುವ ಭಾಗಕ್ಕೆ 'ಕದಿರುಗೂಡು', ಎರಡೂ ಸೇರಿದ್ದಕ್ಕೆ 'ಗೂಡುಗದಿರು' ಎಂದು ಹಾಕಿಕೊಂಡಿದ್ದೇನೆ. ಮೊದಲೆರಡರ ಬಗ್ಗೆ ಧೈರ್ಯವಿದೆ. ಮೂರನೆಯದು ಕಿವಿಗೆ ಹಿತವಾಗಿದ್ದರೂ, ಕದಿರುಗೂಡು, ಗೂಡುಗದಿರು ಎರಡನ್ನೂ ಅವಸರದಲ್ಲಿ ಓದುವವರು ಅದಲುಬದಲು ಮಾಡಿಕೊಂಡಾರು ಎಂಬ ಭಯವಿದೆ. 'ಗೂಡುಸಹಿತ ಕದಿರು' ಎಂದು ಬಿಡಿಸಿ ಬರೆಯುವುದೇ ಮೇಲೇ?

ಕದಿರಿನ ಮೇಲಿಂದ ತುಂಬಿದ ಬಾಬಿನ್ನನ್ನು, ಅಂದರೆ ನೂಲು ಸುತ್ತಿದ ಕೊಳವೆಯನ್ನು, ತೆಗೆಯುವುದಕ್ಕೆ ಬಿಚ್ಚು, ಕಳಚು ಎರಡೂ ಹೊಂದುವುದಿಲ್ಲ. ಅದು ಬಿಗಿಯಾಗಿ ಕೂತಿರುತ್ತದೆ, ಮೇಲಕ್ಕೆ ಎಳೆದರೆ ಬರುತ್ತದೆ. ಕೀಳುವುದು ಎನ್ನದೆ ಬೇರೆ ದಾರಿಯಿಲ್ಲ. ಹಾಗೆಯೇ ನೂಲು ಹರಿದಾಗ ನಾರು ರೋಲರಿಗೆ ಸುತ್ತಿಕೊಂಡು ಗಟ್ಟಿಯಾದರೆ ಅದನ್ನು 'ಬಿಡಿಸು'ತ್ತೇವೆ, ಸಿಕ್ಕು ಬಿಡಿಸಿದಂತೆ. ಹರಿದ ಎಳೆಯನ್ನು ಆ ಕ್ಷಣವೇ ಸೆಳೆದುಕೊಳ್ಳುವ ಗಾಳಿಕೊಳವೆಗಳು ಬಂದಮೇಲೆ ಈ ಸುತ್ತಿಕೊಳ್ಳುವಿಕೆ ಬಹಳ ಕಡಿಮೆಯಾಯಿತು. ಆ ಕೊಳವೆಗೆ 'ಹೀರುಗೊಳವೆ' ಎಂದಿದ್ದೇನೆ.

ಕದಿರಿನ ಸುತ್ತ ಇರುವ ಉಂಗುರ ಮತ್ತು ನೂಲನ್ನು ಹಿಡಿದು ಅದರ ಮೇಲೆ ಓಡುವ ಪುಟ್ಟ ಲೋಹದ ಕೊಕ್ಕೆಯ ಮಾತು ಬೇರೆ. ಕೊಕ್ಕೆಗೆ ಕಾರ್ಖಾನೆಯಲ್ಲಿ ಟ್ರಾವೆಲರ್ ಎನ್ನುತ್ತಾರೆ. ಅದನ್ನು 'ಪ್ರಯಾಣಿಕ' ಎಂದು ಕನ್ನಡಿಸುವುದು ಶುದ್ಧ ತಪ್ಪು, ಯಾರಿಗೂ ಅರ್ಥವಾಗುವುದಿಲ್ಲ. 'ಓಡುಗೊಕ್ಕೆ' ಎಂದು ಬರೆದು ನೋಡಿದೆ, ಚೆನ್ನಾಗಿದೆ ಅನಿಸಿತು. ಆದರೂ ಬಳಕೆಯಲ್ಲಿ ನೆಲೆಯಾಗಿರುವ ಟ್ರಾವೆಲರನ್ನು ಓಡಿಸುವ ಅಗತ್ಯ ಕಾಣಲಿಲ್ಲ. ನನ್ನ ಪ್ರಶ್ನೆ ಅದರ ಸವೆತದ ಬಗ್ಗೆ. ಟ್ರಾವೆಲರನ್ನು ಉಂಗುರಕ್ಕಿಂತ ಸ್ವಲ್ಪ ಮೆದುವಾದ ಲೋಹದಲ್ಲಿ ಮಾಡುತ್ತಾರೆ, ಉಜ್ಜಾಟದಲ್ಲಿ ಸವೆಯಬೇಕಾದದ್ದು ಅದೇ. ಅದನ್ನು ಬದಲಿಸುವುದು ಸುಲಭ, ಉಂಗುರ ಬದಲಿಸುವುದು ದೊಡ್ಡ ಕೆಲಸ. ಇಂಥ ಭಾಗಕ್ಕೆ 'ಸವೆಯುವ ಭಾಗ' ಎಂದರೆ ಸಾಲದು, ಯಂತ್ರದಲ್ಲಿ ಸವೆಯದ ಭಾಗ ಯಾವುದಿದೆ? ಇನ್ನೊಂದನ್ನು ಉಳಿಸಲೆಂದೇ ತಾನು ಸವೆಯುವುದು ಎಂಬ ಅರ್ಥ ಒಂದು ಪದದಲ್ಲಿ ಬರಬೇಕು. 'ಸವಕಳಿ' ಎಂದರೆ ಲೆಕ್ಕಪತ್ರದ, ಮಣ್ಣಿನ ಸವಕಳಿ ನೆನಪಾಗುತ್ತದೆ. 'ತ್ಯಾಗಭಾಗ' ಎಂದು ಬರೆಯಲು ಕೈ ಹೋಗಲಿಲ್ಲ. 'ಸವೆಗಾವಲು' ಎಂಬುದೊಂದು ಹೊಳೆದಿದೆ, ಸವೆದು ಕಾಯುವುದು ಎಂಬರ್ಥದಲ್ಲಿ. ವ್ಯಾಕರಣ ಬಲ್ಲವರು ಇದು ನಿಲ್ಲುತ್ತದೆಯೇ ನೋಡಿ ಹೇಳಬೇಕು.

ಕೊನೆಯದಾಗಿ ಎಲ್ಲಕ್ಕಿಂತ ದೊಡ್ಡ ಪದ. ಈ ಎಲ್ಲ ಕೆಲಸಗಳನ್ನೂ ಸೇರಿಸಿ ಏನೆನ್ನಬೇಕು? ಆಡಳಿತದ ಕನ್ನಡ 'ನಿರ್ವಹಣೆ' ಎನ್ನುತ್ತದೆ. ಸಭೆ ನಿರ್ವಹಿಸುವುದೂ ನಿರ್ವಹಣೆ, ಹಣಕಾಸು ನೋಡಿಕೊಳ್ಳುವುದೂ ನಿರ್ವಹಣೆ; ಎಣ್ಣೆ ಬಿಡುವ ಕೈ ಅದರಲ್ಲಿ ಕಾಣುವುದಿಲ್ಲ. 'ದುರಸ್ತಿ', 'ರಿಪೇರಿ' ಕೆಟ್ಟ ಮೇಲಿನ ಮಾತು, ಇಲ್ಲಿರುವುದು ಕೆಡದಂತೆ ನೋಡಿಕೊಳ್ಳುವ ಮಾತು. 'ಉಸ್ತುವಾರಿ'ಯಲ್ಲಿ ನಿಂತು ನೋಡುವ ಅಧಿಕಾರಿ ಇದ್ದಾನೆ, ಬಗ್ಗಿ ಮಾಡುವವನಿಲ್ಲ. ನಾನು 'ಆರೈಕೆ' ಎಂದು ಬರೆಯುತ್ತಿದ್ದೇನೆ. ಅದು ಜೀವ ಇರುವುದಕ್ಕೆ ಮಾತ್ರ ಸಲ್ಲುವ ಪದ, ಕಬ್ಬಿಣಕ್ಕೆ ಎಂಥ ಆರೈಕೆ ಎಂದು ಕರಡು ಓದಿದ ಇನ್ನೊಬ್ಬರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಕದಿರು ಅದುರುವ ಸದ್ದನ್ನು ಕಿವಿಯಲ್ಲೇ ಗುರುತಿಸಿ, ಕೆಡುವ ಮೊದಲೇ ಅದರ ಹತ್ತಿರ ಹೋಗುವವರನ್ನು ಕಂಡ ಮೇಲೆ ನನಗೆ ಬೇರೆ ಪದ ಸರಿಹೋಗುತ್ತಿಲ್ಲ. 'ಸುಲಭ ಆರೈಕೆಯ ಯಂತ್ರ' ಎಂದು ಓದಿದಾಗ ನಿಮಗೆ ಎಲ್ಲಿಯಾದರೂ ತಡೆಯುತ್ತದೆಯೇ?

ಮುಂದಿನ ಅಧ್ಯಾಯ ಹತ್ತಿ ಹಿಂಜುವ ಯಂತ್ರದ್ದು. ಅದರ ಹಳೆಯ ಬಾಗುತಂತಿಯ ಹೊದಿಕೆಯಲ್ಲಿ ಸಿಕ್ಕಿಕೊಂಡ ನಾರನ್ನು ಆಗಾಗ ತೆಗೆಯಬೇಕಿತ್ತು, ಗರಗಸದಂಥ ಗಟ್ಟಿಹಲ್ಲಿನ ತಂತಿ ಬಂದ ಮೇಲೆ ಆ ಕೆಲಸ ಬಹುಮಟ್ಟಿಗೆ ತಪ್ಪಿತು. ಆ ತೆಗೆಯುವಿಕೆಗೂ ಸದ್ಯಕ್ಕೆ 'ಬಿಡಿಸು' ಎಂದೇ ಬರೆದಿಟ್ಟಿದ್ದೇನೆ. ಬಾಚಣಿಗೆಯ ಹಲ್ಲಿನಿಂದ ಕೂದಲು ತೆಗೆಯುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆ ಕ್ರಿಯಾಪದ ಇದ್ದರೆ ದಯವಿಟ್ಟು ತಿಳಿಸಿ. ಇಲ್ಲಿ ಬೇಕಾಗಿರುವುದು ಅದೇ.