ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು: ಕೋಡಿಂಗ್ ಶಾಲೆಗಳ ಒಪ್ಪಂದ ಹೊಲದ ವಾರವೇ, ಸಾಲವೇ?

ತುರುವೇಕೆರೆ ಹುಡುಗ:
ಎಚ್‌ಎಸ್‌ಆರ್ ಬಡಾವಣೆಯ ಒಂದು ಕೋಡಿಂಗ್ ಶಾಲೆಯಲ್ಲಿ ಎಂಟು ತಿಂಗಳು ಕಲಿತೆ. ಸೇರುವಾಗ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ವರ್ಷಕ್ಕೆ 5 ಲಕ್ಷ ದಾಟಿದ ಕೆಲಸ ಸಿಕ್ಕರೆ ಮೂರು ವರ್ಷ ಆದಾಯದ ಶೇ 15 ಕೊಡಬೇಕು ಎಂಬ ಒಪ್ಪಂದಕ್ಕೆ ಮೊಬೈಲಿನಲ್ಲೇ ಒಟಿಪಿ ಹಾಕಿ ಸಹಿ ಮಾಡಿದೆ. ಈಗ ಕೆಲಸ ಸಿಕ್ಕಿದೆ. ಆದರೆ ಅದು ಕೋಡ್ ಬರೆಯುವ ಕೆಲಸವಲ್ಲ, ರಾತ್ರಿ ಪಾಳಿಯಲ್ಲಿ ಗ್ರಾಹಕರ ದೂರು ದಾಖಲಿಸುವ ಕೆಲಸ. ನೇಮಕಾತಿ ಪತ್ರದಲ್ಲಿ ಸಿಟಿಸಿ, ಅಂದರೆ ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 5.04 ಲಕ್ಷ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವರ್ಷದ ಕೊನೆಗೆ ಕೊಟ್ಟರೆ ಕೊಡುವ ಬೋನಸ್, ಎಲ್ಲವೂ ಅದರೊಳಗೆ. ಕೈಗೆ ಬರುವುದು 31,400. ಶಾಲೆ ಸಿಟಿಸಿ ಹಿಡಿದು ತಿಂಗಳಿಗೆ 6,300 ಕಡಿತ ಮಾಡುತ್ತಿದೆ. ಅಂದರೆ ಕೈಗೆ ಬಂದದ್ದರಲ್ಲಿ ಶೇ 20 ಹೋಯಿತು. 5ನೇ ತಾರೀಖಿನ ಬ್ಯಾಂಕ್ ಸಂದೇಶ ನೋಡಿದರೆ ಹಣ ಸೇರಿರುವುದು ಶಾಲೆಗಲ್ಲ, ನಾನು ಹೆಸರೇ ಕೇಳದ ಫೈನಾನ್ಸ್ ಕಂಪನಿಗೆ. ಇದನ್ನು ಕೇಳುವವರು ಯಾರು?

ಡೀಬಗ್:
ಓದದೆ ಸಹಿ ಹಾಕಿದವರು ನೀವು. ನನ್ನ ತಂದೆ ಪೀಣ್ಯದಲ್ಲಿ ಲೇತ್ ನಡೆಸುತ್ತಿದ್ದರು. ಮಾನ್ಯತೆ ಇಲ್ಲದ ಕೋರ್ಸಿಗೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಹುಟ್ಟುವುದಿಲ್ಲ. ನಾನು ಕಲಿತದ್ದು ಇಂಥದ್ದೇ ಒಪ್ಪಂದದಿಂದ, ಇವತ್ತು ನಮ್ಮ ಮನೆ ನಡೆಯುತ್ತಿರುವುದೂ ಅದರಿಂದ. ಇದು ಹೊಲ ವಾರಕ್ಕೆ ಕೊಟ್ಟ ಹಾಗೆ. ಬೆಳೆ ಬಂದರೆ ಪಾಲು, ಬಾರದಿದ್ದರೆ ಒಡೆಯನಿಗೂ ಇಲ್ಲ. ಕೆಲಸ ಸಿಗದಿದ್ದರೆ ಶುಲ್ಕ ಬೇಡ ಎನ್ನುವ ಎಂಜಿನಿಯರಿಂಗ್ ಕಾಲೇಜು ಬೆಂಗಳೂರಿನಲ್ಲಿ ಒಂದನ್ನು ತೋರಿಸಿ.

ರಾಗಿಕಣ:
ವಾರದ ಮಾತು ಎತ್ತಬೇಡಿ. ಮದ್ದೂರಿನ ಹತ್ತಿರ ನನ್ನ ಅಜ್ಜ ಇಪ್ಪತ್ತು ವರ್ಷ ವಾರಕ್ಕೆ ಉತ್ತವರು. ರಾಗಿ ಬಡಿದು, ತೂರಿ, ರಾಶಿ ಮಾಡಿದ ಮೇಲೆ ಒಡೆಯ ಕಣಕ್ಕೆ ಬಂದು ಕೊಳಗದಲ್ಲಿ ಅಳೆಸುತ್ತಿದ್ದ. ಅವನಿಗೊಂದು ಕೊಳಗ, ಅಜ್ಜನಿಗೊಂದು ಕೊಳಗ. ಕಣದಲ್ಲಿ ಇಲ್ಲದ ಕಾಳಿಗೆ ಪಾಲು ಕೇಳುವ ಧೈರ್ಯ ಆ ಒಡೆಯನಿಗೂ ಇರಲಿಲ್ಲ. ಈ ಹುಡುಗನ ಶಾಲೆ ಇನ್ನೂ ಬಾರದ ಬೋನಸ್ಸಿಗೂ ಪಾಲು ಎತ್ತುತ್ತಿದೆ.

ಪುತ್ತೂರು ಅಡಿಕೆ:
ಧೈರ್ಯ ಇರಲಿಲ್ಲವೇ? ನಿಮ್ಮ ಒಡೆಯರು ಅಷ್ಟು ಒಳ್ಳೆಯವರಾಗಿದ್ದರೆ 1974ರಲ್ಲಿ ದೇವರಾಜ ಅರಸರು ಗೇಣಿ ಪದ್ಧತಿಯನ್ನು ರದ್ದು ಮಾಡಬೇಕಾಗಿರಲಿಲ್ಲ. ನಮ್ಮ ಕಡೆ ಚಾಲಗೇಣಿ. ನೆರೆ ಬಂದು ಗದ್ದೆ ಕೊಚ್ಚಿಹೋದರೂ ಇಷ್ಟು ಮುಡಿ ಅಕ್ಕಿ ಎಂದರೆ ಇಷ್ಟೇ ಮುಡಿ. ಈ ಒಪ್ಪಂದ ವಾರವಲ್ಲ, ಗೇಣಿ.

ರಾಗಿಕಣ:
ಒಡೆಯರು ಒಳ್ಳೆಯವರು ಎಂದು ನಾನು ಎಲ್ಲಿ ಬರೆದೆ? ಉಳುವ ಭೂಮಿಯ ಒಡೆತನ ಕೇಳುವ ಅರ್ಜಿ, ನಮೂನೆ 7 ಹಿಡಿದು ಅಜ್ಜ ಭೂ ನ್ಯಾಯಮಂಡಳಿಗೆ ಎಷ್ಟು ಸಲ ಅಲೆದರು ಎಂಬುದು ನಮ್ಮ ಮನೆಯವರಿಗೆ ಗೊತ್ತು. ಬರೆದದ್ದನ್ನು ಸರಿಯಾಗಿ ಓದಿ ಆಮೇಲೆ ಮಾತನಾಡಿ.

ಮಲ್ಲೇಶ್ವರದ ವಕೀಲೆ:
ಜಗಳದ ನಡುವೆ ಮುಖ್ಯ ಪ್ರಶ್ನೆ ಕಳೆದುಹೋಗುತ್ತಿದೆ. ಅಮೆರಿಕದಲ್ಲಿ ಲ್ಯಾಂಬ್ಡಾ ಸ್ಕೂಲ್ ಎಂದು 2017ರಲ್ಲಿ ಶುರುವಾದ ಸಂಸ್ಥೆ, ಮುಂದೆ ಬ್ಲೂಮ್‌ಟೆಕ್ ಆಯಿತು. ಎರಡು ವರ್ಷ ಸಂಬಳದ ಶೇ 17 ಕೇಳುತ್ತಿತ್ತು, ಇದು ಸಾಲವೇ ಅಲ್ಲ ಎನ್ನುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಇದು ಸಾಲವೇ ಎಂದು ಹೇಳಿ, ಆ ಶಾಲೆ ಇನ್ನು ಗ್ರಾಹಕರಿಗೆ ಸಾಲ ಕೊಡುವಂತಿಲ್ಲ ಎಂದು ಶಾಶ್ವತವಾಗಿ ನಿಷೇಧಿಸಿತು. ಜಾಹೀರಾತಿನಲ್ಲಿ ಶೇ 71ರಿಂದ 86 ಮಂದಿಗೆ ಕೆಲಸ ಎಂದಿತ್ತು, ಒಳಗಿನ ಲೆಕ್ಕ ಶೇ 50ರ ಆಸುಪಾಸು. ಒಂದು ತಂಡಕ್ಕೆ ನೂರಕ್ಕೆ ನೂರು ಕೆಲಸ ಸಿಕ್ಕಿದೆ ಎಂದು ಮುಖ್ಯಸ್ಥರೇ ಟ್ವೀಟ್ ಮಾಡಿದ್ದರು. ಆ ಲೆಕ್ಕದಲ್ಲಿ ಇದ್ದದ್ದು ಒಬ್ಬ ವಿದ್ಯಾರ್ಥಿ. ಹಾಗಾಗಿ ಕೇಳಬೇಕಾದದ್ದು ಇಷ್ಟು: ಇಲ್ಲಿನ ಶಾಲೆಗಳ ಲೆಕ್ಕವನ್ನು ಹೊರಗಿನವರು ಯಾರಾದರೂ ತಪಾಸಣೆ ಮಾಡುತ್ತಾರೆಯೇ?

ಡೀಬಗ್:
ಅಮೆರಿಕದ ಒಂದು ಶಾಲೆ ಸುಳ್ಳು ಹೇಳಿದರೆ ಬೆಂಗಳೂರಿನ ಶಾಲೆಗಳೆಲ್ಲ ಕಳ್ಳರೇ? ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಈ ದಾರಿಯನ್ನು ಸೂಚಿಸಿದ್ದರು. ಬಡವರ ಮಕ್ಕಳ ಮೇಲೆ ಯಾರೂ ಬಂಡವಾಳ ಹೂಡುವುದಿಲ್ಲ ಎಂಬ ಕೊರತೆಗೆ ಅದೇ ಉತ್ತರ.

ಕೆಂಗೇರಿ ಮೇಷ್ಟ್ರು:
1955ನ್ನು ಹೇಳಿದವರು 1971ನ್ನೂ ಹೇಳಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಆ ವರ್ಷ ಅದೇ ದಾರಿ ಹಿಡಿಯಿತು. ಇಡೀ ತಂಡದ ಸಾಲ ತೀರುವವರೆಗೆ ಎಲ್ಲರೂ ಕಟ್ಟಬೇಕಿತ್ತು. ಹೆಚ್ಚು ದುಡಿಯುವವರು ದುಡ್ಡು ಕಟ್ಟಿ ಹೊರಗೆ ಹೋದರು, ಕೆಲವರು ಕಟ್ಟಲೇ ಇಲ್ಲ, ಉಳಿದವರ ಹೆಗಲ ಮೇಲೆ ಭಾರ ಬಿತ್ತು. ಕೊನೆಗೆ 2001ರಲ್ಲಿ ಬಾಕಿ ಮನ್ನಾ ಮಾಡಿದರು.

ಡೀಬಗ್:
ಮನ್ನಾ ಆಯಿತಲ್ಲ. ಬ್ಯಾಂಕ್ ಹಾಗೆ ಮನ್ನಾ ಮಾಡುತ್ತದೆಯೇ?

ಕೆಂಗೇರಿ ಮೇಷ್ಟ್ರು:
ಮೂವತ್ತು ವರ್ಷ ಕಟ್ಟಿಸಿಕೊಂಡ ಮೇಲೆ!

ಪುತ್ತೂರು ಅಡಿಕೆ:
ರಾಗಿಕಣ ಅವರೇ, ಓದಿಯೇ ಕೇಳುತ್ತಿದ್ದೇನೆ. ವಾರದಲ್ಲಿ ಒಡೆಯ ಬೀಜ ಗೊಬ್ಬರದ ಖರ್ಚಿನಲ್ಲೂ ಪಾಲು ಹಾಕುತ್ತಿದ್ದನೇ, ಇಲ್ಲವೇ? ಹೌದು, ಇಲ್ಲ, ಅಷ್ಟೇ ಹೇಳಿ.

ರಾಗಿಕಣ:
ಊರಿಗೊಂದು ಪದ್ಧತಿ. ಕೆಲವು ಕಡೆ ಹಾಕುತ್ತಿದ್ದ, ಕೆಲವು ಕಡೆ ಇಲ್ಲ.

ಪುತ್ತೂರು ಅಡಿಕೆ:
ಹಾಗಿದ್ದರೆ ಹೋಲಿಕೆಯೇ ನಿಲ್ಲುವುದಿಲ್ಲ.

ರಾಗಿಕಣ:
ಹೋಲಿಕೆ ತಂದವನು ನಾನಲ್ಲ! ಡೀಬಗ್ ತಂದದ್ದು. ನಾನು ಹೇಳಿದ್ದು ಒಂದೇ ಮಾತು, ಅಳತೆ ಕಣದಲ್ಲಿ ಆಗಬೇಕು ಎಂದು. ಮೂರು ಸಲ ಹೇಳಿದೆ. ನಿಮಗೆ ಚಾಲಗೇಣಿಯ ಹೊರತು ಬೇರೆ ಏನೂ ಕಾಣುತ್ತಿಲ್ಲ.

ಗದಗಿನ ಗೆಳತಿ:
ನಮ್ಮ ಕಡೆ ಲಾವಣಿ ಎನ್ನುತ್ತೇವೆ. ವರ್ಷಕ್ಕೆ ಇಷ್ಟು ಹಣ ಎಂದು ಮೊದಲೇ ಮಾತಾಗಿರುತ್ತದೆ. ಕೊಟ್ಟವನು ಯಾರು, ಪಡೆದವನು ಯಾರು ಎಂದು ಇಬ್ಬರಿಗೂ ಗೊತ್ತಿರುತ್ತದೆ. ಈ ಹುಡುಗನ ಪಾಲನ್ನು ಶಾಲೆ ಮೂರನೆಯವರಿಗೆ ದಾಟಿಸಿಬಿಟ್ಟಿದೆ. ಅವನಿಗೆ ಯಾವ ಕೆಲಸ ಸಿಕ್ಕಿತು ಎಂಬ ಚಿಂತೆ ಶಾಲೆಗೆ ಇನ್ನು ಏಕೆ ಇರುತ್ತದೆ?

ಡೀಬಗ್:
ಮೂರನೆಯವರು ಎಂದರೆ ಕಳ್ಳರೇ? ಶಿಕ್ಷಕರಿಗೆ ಪ್ರತಿ ತಿಂಗಳು ಸಂಬಳ ಕೊಡಬೇಕು, ವಿದ್ಯಾರ್ಥಿಯ ಹಣ ಬರುವುದು ಎರಡು ವರ್ಷದ ಮೇಲೆ. ನಡುವೆ ಯಾರಾದರೂ ಹಣ ಹಾಕಲೇಬೇಕು.

ಮಲ್ಲೇಶ್ವರದ ವಕೀಲೆ:
ಹಣ ಹಾಕಲಿ. ಆ ವಿಷಯವನ್ನು ಸಹಿಗೆ ಮೊದಲು ವಿದ್ಯಾರ್ಥಿಗೆ ತಿಳಿಸಲಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಿದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರ ಕೆಲಸದ ಖಾತರಿಯ ಸುಳ್ಳು ಭರವಸೆ ಕೊಡುವಂತಿಲ್ಲ. ಕೋಡಿಂಗ್ ಶಾಲೆಯೂ ಅದರಲ್ಲಿ ಬರುತ್ತದೆ ಎಂಬುದು ನನ್ನ ವಾದ.

ಡೀಬಗ್:
ನಿಮ್ಮ ವಾದ. ತೀರ್ಪಲ್ಲ.

ಮಲ್ಲೇಶ್ವರದ ವಕೀಲೆ:
ತೀರ್ಪು ಬರಬೇಕಾದರೆ ಯಾರಾದರೂ ದೂರು ಕೊಡಬೇಕು. ತುರುವೇಕೆರೆಯವರೇ, ನಿಮ್ಮ ಒಪ್ಪಂದದಲ್ಲಿ ಆದಾಯ ಎಂದರೆ ಏನು ಎಂದು ಬರೆದಿರುವ ಸಾಲನ್ನು ಇಲ್ಲಿ ಹಾಕಿ.

ತುರುವೇಕೆರೆ ಹುಡುಗ:
ಹುಡುಕಿದೆ. ಹನ್ನೊಂದನೇ ಪುಟದಲ್ಲಿದೆ: ‘ಉದ್ಯೋಗದಾತರು ನೀಡಿದ ಪತ್ರದಲ್ಲಿ ನಮೂದಾಗಿರುವ ಒಟ್ಟು ವಾರ್ಷಿಕ ಮೊತ್ತ’. ಮೂಲ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತಂದದ್ದು ನಾನು. ಸೇರುವ ದಿನ ಫೋನಿನಲ್ಲಿ ಮಾತನಾಡಿದವರು ‘ಕೈಗೆ ಬಂದದ್ದರಲ್ಲಿ ಮಾತ್ರ’ ಎಂದಿದ್ದರು.

ಡೀಬಗ್:
ಬರೆದಿದೆಯಲ್ಲ. ಮತ್ತೇನು?

ರಾಗಿಕಣ:
ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲವೇ? ಹತ್ತೊಂಬತ್ತು ವರ್ಷದ ಹುಡುಗನ ಮುಂದೆ ಹೇಳಿದ ಮಾತು ಅದು!

ತುರುವೇಕೆರೆ ಹುಡುಗ:
ನನಗೆ ಇಪ್ಪತ್ತಮೂರು.

ಮಲ್ಲೇಶ್ವರದ ವಕೀಲೆ:
ಆ ಕರೆಯ ಧ್ವನಿಮುದ್ರಣ ಇದ್ದರೆ ಅಳಿಸಬೇಡಿ. ಸಂಬಳದ ಚೀಟಿ, ಬ್ಯಾಂಕ್ ಸಂದೇಶ, ಶಾಲೆಯ ಜಾಹೀರಾತಿನ ಚಿತ್ರ, ಎಲ್ಲವನ್ನೂ ಒಂದೆಡೆ ಇಡಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ.

ಪುತ್ತೂರು ಅಡಿಕೆ:
ಬೀಜದ ಪ್ರಶ್ನೆಗೆ ಇನ್ನೂ ನೇರ ಉತ್ತರ ಬಂದಿಲ್ಲ.

ತುರುವೇಕೆರೆ ಹುಡುಗ:
ಧ್ವನಿಮುದ್ರಣ ಹಳೆಯ ಮೊಬೈಲಿನಲ್ಲಿರಬೇಕು. ಅದು ಊರಿನಲ್ಲಿ ತಂಗಿಯ ಹತ್ತಿರ ಇದೆ. ಶನಿವಾರ ಪಾಳಿ ಮುಗಿಸಿ ಬಸ್ ಹಿಡಿಯುತ್ತೇನೆ.